ಗೋಡೆಯ ಮೇಲಿನ ಸರ್ಟಿಫಿಕೇಟಿಗೆ ಬಾಡಿಗೆ, ಕೌಂಟರಿನಲ್ಲಿ ನಿಂತವರಿಗೆ ಚಿಲ್ಲರೆ

ಸೆಪ್ಟೆಂಬರ್ 25 ವಿಶ್ವ ಫಾರ್ಮಸಿಸ್ಟರ ದಿನ. ಅಂದು ಜಿಲ್ಲಾ ವರದಿಗಾರರ ವಾಟ್ಸ್‌ಆ್ಯಪ್ ಗುಂಪಿಗೆ ಬಂದು ಬೀಳುವ ಪತ್ರಿಕಾ ಹೇಳಿಕೆ ಹೇಗಿರುತ್ತದೆಂದು ನಿಮಗೂ ಗೊತ್ತು. ದೀಪ ಬೆಳಗುವ ಫೋಟೊ, ಶಾಲು, ಹಾರ, 'ಫಾರ್ಮಸಿಸ್ಟರು ವೈದ್ಯರಿಗೂ ರೋಗಿಗಳಿಗೂ ನಡುವಿನ ಸೇತುವೆ' ಎಂಬ ಅದೇ ಭಾಷಣ. ಮಾರನೇ ದಿನ ಒಳಪುಟದಲ್ಲಿ ಎರಡು ಕಾಲಂ. ಆ ಸೇತುವೆಗೆ ತಿಂಗಳಿಗೆ ಎಷ್ಟು ಸಂಬಳ, ದಿನಕ್ಕೆ ಎಷ್ಟು ಗಂಟೆ ದುಡಿಮೆ, ವಾರಕ್ಕೊಂದು ರಜೆಯಾದರೂ ಉಂಟೋ ಇಲ್ಲವೋ ಎಂಬುದು ಯಾವ ಹೇಳಿಕೆಯಲ್ಲೂ ಇರುವುದಿಲ್ಲ. ವೇದಿಕೆಯ ಮೇಲೆ ಕೂತವರು ಅಂಗಡಿ ಮಾಲೀಕರು, ಕಾಲೇಜಿನ ಕಾರ್ಯದರ್ಶಿಗಳು, ಅಧಿಕಾರಿಗಳು. ಕೌಂಟರಿನಲ್ಲಿ ನಿಲ್ಲುವವರಿಗೆ ಅಂದೂ ಡ್ಯೂಟಿ.

ಸುತ್ತುಬಳಸದೆ ಹೇಳಿಬಿಡುತ್ತೇನೆ. ನಮ್ಮ ತಾಲ್ಲೂಕು ಕೇಂದ್ರಗಳಲ್ಲಿ ಫಾರ್ಮಸಿಸ್ಟರ ಸಂಬಳ ಕಡಿಮೆ ಇರುವುದಕ್ಕೆ ಅವರ ಓದು ಕಡಿಮೆ ಎಂಬುದು ಕಾರಣವಲ್ಲ. ಔಷಧ ವ್ಯಾಪಾರದಲ್ಲಿ ದುಡ್ಡಿಲ್ಲ ಎಂಬುದೂ ಪೂರ್ತಿ ಕಾರಣವಲ್ಲ. ಅವರು ನಿಲ್ಲಬೇಕಾದ ಜಾಗದಲ್ಲಿ ಅವರ ಕಾಗದ ತೂಗಿದರೆ ಸಾಕು ಎಂದು ಮಾಲೀಕರು, ಇಲಾಖೆ, ಗಿರಾಕಿಗಳು, ಕೊನೆಗೆ ಫಾರ್ಮಸಿಸ್ಟರಲ್ಲೇ ಹಲವರು ಒಪ್ಪಿಕೊಂಡುಬಿಟ್ಟಿರುವುದೇ ಕಾರಣ. ಸಂಬಳ, ಓಟಿ, ಕೆಲಸದಲ್ಲಿನ ತೃಪ್ತಿ ಎಂದು ನಾವು ಬೇರೆ ಬೇರೆಯಾಗಿ ಮಾತಾಡುವ ಮೂರೂ ಗೋಳು ಇದೊಂದೇ ಬೇರಿನಿಂದ ಬಂದಿವೆ.

ಕಾನೂನು ಏನು ಹೇಳುತ್ತದೆ

ಮೊದಲು ಕಾನೂನು ನೋಡೋಣ. 1948ರ ಫಾರ್ಮಸಿ ಕಾಯ್ದೆಯ 42ನೇ ಸೆಕ್ಷನ್ ಪ್ರಕಾರ ವೈದ್ಯರ ಚೀಟಿಯ ಮೇಲೆ ಔಷಧ ಕೊಡಬೇಕಾದವರು ನೋಂದಾಯಿತ ಫಾರ್ಮಸಿಸ್ಟ್ ಮಾತ್ರ. ವೈದ್ಯರು ತಮ್ಮ ರೋಗಿಗೆ ತಾವೇ ಕೊಡುವುದಕ್ಕೆ ಅಡ್ಡಿಯಿಲ್ಲ. ಉಳಿದವರು ಕೊಟ್ಟರೆ ಅಪರಾಧ. 1945ರ ಔಷಧ ನಿಯಮಗಳಲ್ಲಿ 65ನೇ ನಿಯಮವೂ ಇದನ್ನೇ ಹೇಳುತ್ತದೆ: ಚೀಟಿಯ ಔಷಧ ಫಾರ್ಮಸಿಸ್ಟರ ಕೈಯಿಂದ ಹೋಗಬೇಕು, ಇಲ್ಲವೇ ಅವರ ಖುದ್ದು ಮೇಲ್ವಿಚಾರಣೆಯಲ್ಲಿ ಹೋಗಬೇಕು. 'ಖುದ್ದು' ಎಂಬ ಮಾತನ್ನು ಗಮನಿಸಿ. ಫೋನಿನಲ್ಲಿ ಕೇಳಿ ಕೊಡುವುದಲ್ಲ, ವಾಟ್ಸ್‌ಆ್ಯಪ್‌ನಲ್ಲಿ ಚೀಟಿಯ ಫೋಟೊ ಕಳಿಸಿ ಕೊಡುವುದೂ ಅಲ್ಲ.

ಅದೇ ನಿಯಮದಲ್ಲಿ ಇನ್ನೊಂದು ಸ್ವಾರಸ್ಯವಿದೆ. ಅಂಗಡಿಯ ಬೋರ್ಡಿನ ಮೇಲೆ ಏನು ಬರೆಯಬೇಕು ಎಂಬುದನ್ನೂ ಅದು ಹೇಳುತ್ತದೆ. ಫಾರ್ಮಸಿಸ್ಟ್ ಬೇಕಿಲ್ಲದ ಅಂಗಡಿ 'ಡ್ರಗ್‌ಸ್ಟೋರ್' ಎಂದು ಹಾಕಿಕೊಳ್ಳಬೇಕು. ಫಾರ್ಮಸಿಸ್ಟರನ್ನು ಇಟ್ಟುಕೊಂಡಿದ್ದರೆ ಮಾತ್ರ 'ಕೆಮಿಸ್ಟ್ಸ್ ಆ್ಯಂಡ್ ಡ್ರಗ್ಗಿಸ್ಟ್ಸ್'. ಔಷಧವನ್ನು ಅಲ್ಲೇ ಬೆರೆಸಿ ಕೊಡುವ ವ್ಯವಸ್ಥೆಯೂ ಇದ್ದರೆ 'ಫಾರ್ಮಸಿ'. ಈಗ ಚಳ್ಳಕೆರೆಯಲ್ಲೋ ಹೊಸದುರ್ಗದಲ್ಲೋ ಬಸ್ ನಿಲ್ದಾಣದ ಎದುರು ನಿಂತು ಬೋರ್ಡುಗಳನ್ನು ಓದುತ್ತ ಹೋಗಿ. ಎಷ್ಟು ಕಡೆ 'ಡ್ರಗ್‌ಸ್ಟೋರ್' ಎಂದಿದೆ, ಎಷ್ಟು ಕಡೆ 'ಕೆಮಿಸ್ಟ್ಸ್ ಆ್ಯಂಡ್ ಡ್ರಗ್ಗಿಸ್ಟ್ಸ್' ಎಂದಿದೆ ಎಣಿಸಿ. ಎರಡನೆಯ ಬೋರ್ಡು ಕಂಡ ಕಡೆಯೆಲ್ಲ 'ಒಳಗೆ ಫಾರ್ಮಸಿಸ್ಟ್ ಇದ್ದಾರೆ' ಎಂದು ಅಂಗಡಿಯವರು ಊರಿಗೆಲ್ಲ ಮಾತು ಕೊಟ್ಟಂತೆ. ಆ ಮಾತಿಗೆ ಬೆಲೆ ಎಷ್ಟು ಎಂದು ತಿಳಿಯಬೇಕಾದರೆ ಒಳಗೆ ಹೋಗಿ 'ಫಾರ್ಮಸಿಸ್ಟ್ ಯಾರಣ್ಣ ಇಲ್ಲಿ?' ಎಂದು ಕೇಳಿದರೆ ಸಾಕು.

ಹಲವು ಅಂಗಡಿಗಳಲ್ಲಿ ಆ ಪ್ರಶ್ನೆಗೆ ಉತ್ತರ ಗೋಡೆಯ ಮೇಲಿರುತ್ತದೆ. ಗಾಜಿನ ಚೌಕಟ್ಟಿನೊಳಗೆ ಲೈಸೆನ್ಸ್, ಪಕ್ಕದಲ್ಲಿ ನೋಂದಣಿ ಸರ್ಟಿಫಿಕೇಟು, ಅದರ ಮೂಲೆಯಲ್ಲಿ ಪಾಸ್‌ಪೋರ್ಟ್ ಸೈಜಿನ ಒಂದು ಮುಖ. ಕೌಂಟರಿನಲ್ಲಿ ಇರುವ ಮುಖ ಬೇರೆ. ಎಸ್ಸೆಸ್ಸೆಲ್ಸಿಯೋ ಪಿಯುಸಿಯೋ ಮುಗಿಸಿ ಸೇರಿಕೊಂಡ ಹುಡುಗ. ಸರ್ಟಿಫಿಕೇಟಿನವರು ಬೆಂಗಳೂರಿನಲ್ಲಿ ಕಂಪನಿ ಕೆಲಸದಲ್ಲಿರಬಹುದು, ಮೆಡಿಕಲ್ ರೆಪ್ ಆಗಿರಬಹುದು, ಊರಲ್ಲೇ ಅಡಿಕೆ ತೋಟ ನೋಡಿಕೊಂಡಿರಬಹುದು. ತಿಂಗಳಿಗೆ ಇಷ್ಟೆಂದು ಅವರ ಖಾತೆಗೆ ದುಡ್ಡು ಬೀಳುತ್ತದೆ. ಇದಕ್ಕೆ ಮಾರುಕಟ್ಟೆಯ ಹೆಸರೇ 'ಸರ್ಟಿಫಿಕೇಟ್ ಬಾಡಿಗೆ'. ತಾಲ್ಲೂಕು ಮಟ್ಟದಲ್ಲಿ ಓಡಾಡುವ ಯಾರಿಗೂ ಇದು ಗುಟ್ಟಲ್ಲ.

ಎಲ್ಲ ಅಂಗಡಿಗಳೂ ಹೀಗೆ ಎಂದು ನಾನು ಹೇಳುತ್ತಿಲ್ಲ. ಡಿ.ಫಾರ್ಮಾ ಓದಿ ಸಾಲ ಮಾಡಿ ಸ್ವಂತ ಅಂಗಡಿ ಇಟ್ಟು, ಬೆಳಿಗ್ಗೆಯಿಂದ ರಾತ್ರಿವರೆಗೆ ತಾವೇ ನಿಂತು ಕೊಡುವವರು ಪ್ರತಿ ಊರಲ್ಲೂ ಇದ್ದಾರೆ. ಬಾಡಿಗೆ ದಂಧೆಯಿಂದ ಮೊದಲು ಪೆಟ್ಟು ತಿಂದವರು ಅವರೇ.

ಬಾಡಿಗೆಯೇ ಸಂಬಳವನ್ನು ನಿಗದಿ ಮಾಡುತ್ತದೆ

ಹೇಗೆ ಎಂಬುದನ್ನು ಸಂತೆಯ ಲೆಕ್ಕದಲ್ಲೇ ನೋಡೋಣ. ಡಿ.ಫಾರ್ಮಾ ಮುಗಿಸಿದ ಹುಡುಗಿಯೊಬ್ಬಳು ಅಂಗಡಿಗೆ ಹೋಗಿ ಕೆಲಸ ಕೇಳುತ್ತಾಳೆ. ಮಾಲೀಕರ ಮುಂದೆ ಎರಡು ದಾರಿ ಇವೆ. ಒಂದು, ಇವಳಿಗೆ ಪೂರಾ ಸಂಬಳ ಕೊಟ್ಟು ಇಟ್ಟುಕೊಳ್ಳುವುದು. ಇನ್ನೊಂದು, ಯಾರದೋ ಸರ್ಟಿಫಿಕೇಟಿಗೆ ಒಂದಿಷ್ಟು ಬಾಡಿಗೆ ಕೊಟ್ಟು, ಒಬ್ಬ ಹುಡುಗನನ್ನು ಕೆಲಸಕ್ಕೆ ಹಾಕಿಕೊಳ್ಳುವುದು. ಎರಡನೆಯ ದಾರಿಯ ಒಟ್ಟು ಖರ್ಚು ಎಷ್ಟೋ ಅದಕ್ಕಿಂತ ಒಂದು ರೂಪಾಯಿ ಹೆಚ್ಚು ಕೇಳಿದರೂ ಇವಳಿಗೆ ಕೆಲಸವಿಲ್ಲ. ಎರಡು ವರ್ಷದ ಓದು, 500 ಗಂಟೆಯ ತರಬೇತಿ, ನೋಂದಣಿ, ನವೀಕರಣ ಎಲ್ಲ ಕೂಡಿ ಅವಳ ಚೌಕಾಸಿ ಶಕ್ತಿ ನಿಲ್ಲುವುದು ಅಲ್ಲೇ. ಗೋಡೆಗೆ ತೂಗುಹಾಕಿದ ಕಾಗದ ಊಟ ಕೇಳುವುದಿಲ್ಲ, ರಜೆ ಕೇಳುವುದಿಲ್ಲ, ಹೆರಿಗೆ ರಜೆಯನ್ನಂತೂ ಕೇಳುವುದೇ ಇಲ್ಲ.

ಆದ್ದರಿಂದ ಬಾಡಿಗೆಗೆ ಸರ್ಟಿಫಿಕೇಟು ಕೊಡುವ ಫಾರ್ಮಸಿಸ್ಟರಿಗೆ ಒಂದು ಮಾತು. ನೀವು ಕಾನೂನು ಮುರಿಯುತ್ತಿದ್ದೀರಿ ಎಂಬುದು ಇರಲಿ, ಅದನ್ನು ನೋಡಿಕೊಳ್ಳಲು ಇಲಾಖೆ ಇದೆ. ನಿಮ್ಮದೇ ತರಗತಿಯಲ್ಲಿ ಕೂತು ಓದಿದವರ ಸಂಬಳವನ್ನು ನೀವು ಇಳಿಸುತ್ತಿದ್ದೀರಿ. ಕೂತಲ್ಲೇ ಬರುವ ಆ ನಾಲ್ಕು ಕಾಸು ನಿಮ್ಮ ಜತೆಗಾರರ ಜೇಬಿನಿಂದ ಬಂದದ್ದು.

ಹನ್ನೆರಡು ಗಂಟೆಯ ಲೆಕ್ಕ

ಇನ್ನು ಓಟಿ. ಮೆಡಿಕಲ್ ಶಾಪಿನಲ್ಲಿ ಓಟಿ ಎಂಬ ಮಾತು ಕೇಳಿದರೆ ಆಪರೇಷನ್ ಥಿಯೇಟರ್ ಎಂದುಕೊಳ್ಳುವವರೇ ಹೆಚ್ಚು. ಹೆಚ್ಚುವರಿ ದುಡಿಮೆಗೆ ಹೆಚ್ಚುವರಿ ಕೂಲಿ ಎಂಬ ಅರ್ಥ ಅಲ್ಲಿ ಚಾಲ್ತಿಯಲ್ಲೇ ಇಲ್ಲ.

ಒಂದು ಲೆಕ್ಕ ಹಾಕೋಣ. ಸಂಬಳ ತಿಂಗಳಿಗೆ 15,000 ರೂಪಾಯಿ ಎಂದಿಟ್ಟುಕೊಳ್ಳಿ. ಇದು ಸರಾಸರಿಯಲ್ಲ, ಲೆಕ್ಕ ಸುಲಭವಾಗಲೆಂದು ಹಿಡಿದ ಮೊತ್ತ. ನಿಮ್ಮ ಊರಿನ ಸಂಬಳ ಬೇರೆ ಇದ್ದರೆ ಅದನ್ನೇ ಹಾಕಿಕೊಳ್ಳಿ, ಕೊನೆಗೆ ಬರುವ ಉತ್ತರ ಬದಲಾಗುವುದಿಲ್ಲ. ತಿಂಗಳಿಗೆ 26 ದಿನ, ದಿನಕ್ಕೆ 8 ಗಂಟೆಯಂತೆ 208 ಗಂಟೆ. ಗಂಟೆಗೆ ಸುಮಾರು 72 ರೂಪಾಯಿ. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ 1961ರ ಕಾಯ್ದೆಯಂತೆ ಹೆಚ್ಚುವರಿ ದುಡಿಮೆಗೆ ದುಪ್ಪಟ್ಟು ದರ, ಅಂದರೆ ಗಂಟೆಗೆ 144 ರೂಪಾಯಿ. ಈಗ ಅಂಗಡಿಯಲ್ಲಿ ದುಡಿಮೆ ಹನ್ನೆರಡು ಗಂಟೆ ಎನ್ನಿ. ಬೆಳಿಗ್ಗೆ ಒಂಬತ್ತಕ್ಕೆ ಬಾಗಿಲು ತೆಗೆದು ರಾತ್ರಿ ಹತ್ತಕ್ಕೆ ಎಳೆಯುವ ಊರುಗಳಲ್ಲಿ ನಡುವೆ ಊಟಕ್ಕೆ ಒಂದು ತಾಸು ಕಳೆದರೂ ಅಷ್ಟಾಗುತ್ತದೆ. ಹೆಚ್ಚುವರಿ ದಿನಕ್ಕೆ 4 ಗಂಟೆ, ತಿಂಗಳಿಗೆ 104 ಗಂಟೆ. 144ರಿಂದ ಗುಣಿಸಿದರೆ 14,976 ರೂಪಾಯಿ.

ಅಂದರೆ ಹೆಚ್ಚುಕಡಿಮೆ ಇನ್ನೊಂದು ತಿಂಗಳ ಸಂಬಳ! ನಾಲ್ಕು ಗಂಟೆಗೆ ದುಪ್ಪಟ್ಟು ಎಂದರೆ ಎಂಟು ಗಂಟೆಯ ಕೂಲಿ. ದಿನಾ ಹನ್ನೆರಡು ಗಂಟೆ ನಿಲ್ಲುವವರಿಗೆ ಪ್ರತಿದಿನವೂ ಇನ್ನೊಂದು ದಿನದ ಕೂಲಿ ಬಾಕಿ ಉಳಿಯುತ್ತಿದೆ. ಇದು ಯಾವ ಸಂಘದ ಬೇಡಿಕೆಯೂ ಅಲ್ಲ. ಅರವತ್ತು ವರ್ಷಕ್ಕೂ ಹಳೆಯ ಕಾಯ್ದೆ ಹೇಳಿದ ಲೆಕ್ಕ.

ಅದೂ ಸಾಲದು. ಅದೇ ಕಾಯ್ದೆಯ 7ನೇ ಸೆಕ್ಷನ್ ದಿನಕ್ಕೆ 9, ವಾರಕ್ಕೆ 48 ಗಂಟೆಯ ಮಿತಿ ಹಾಕಿತು. ಓಟಿ ಸೇರಿ ದಿನಕ್ಕೆ 10 ಗಂಟೆ ಮೀರಬಾರದು, ಮೂರು ತಿಂಗಳಲ್ಲಿ ಓಟಿ 50 ಗಂಟೆ ದಾಟಬಾರದು ಎಂದಿತು. ನಮ್ಮ ಲೆಕ್ಕದ ಫಾರ್ಮಸಿಸ್ಟ್ ಮೂರು ತಿಂಗಳ ಮಿತಿಯನ್ನು ಹದಿಮೂರನೇ ದಿನವೇ ದಾಟಿರುತ್ತಾರೆ.

2025ರ ಜೂನ್‌ನಲ್ಲಿ ಕಾರ್ಮಿಕ ಇಲಾಖೆ ದುಡಿಮೆಯ ಅವಧಿಯನ್ನು ಹತ್ತು ಗಂಟೆಗೆ, ಓಟಿ ಸೇರಿ ಹನ್ನೆರಡಕ್ಕೆ ಏರಿಸುವ ಪ್ರಸ್ತಾಪ ಮುಂದಿಟ್ಟಾಗ ಬೆಂಗಳೂರಿನ ಐಟಿ ನೌಕರರು ಬೀದಿಗಿಳಿದರು. ಸರಿಯಾಗಿಯೇ ಮಾಡಿದರು. ಎಲ್ಲ ಪತ್ರಿಕೆಗಳಲ್ಲೂ ಮುಖಪುಟದ ಚರ್ಚೆಯಾಯಿತು. ಆದರೆ ಆ ಹನ್ನೆರಡು ಗಂಟೆ ನಮ್ಮ ತಾಲ್ಲೂಕಿನ ಮೆಡಿಕಲ್ ಶಾಪುಗಳಲ್ಲಿ, ಬಟ್ಟೆ ಅಂಗಡಿಗಳಲ್ಲಿ, ಖಾನಾವಳಿಗಳಲ್ಲಿ ಯಾವ ತಿದ್ದುಪಡಿಯೂ ಇಲ್ಲದೆ ಎಂದೋ ಜಾರಿಯಲ್ಲಿದೆ. ಅದು ಮಾತ್ರ ಸುದ್ದಿಯಾಗಲಿಲ್ಲ.

15,000ವನ್ನು 26ರಿಂದ ಭಾಗಿಸಿದರೆ ದಿನಕ್ಕೆ 577 ರೂಪಾಯಿ. ಗಾರೆ ಕೆಲಸಕ್ಕೆ ಇದಕ್ಕಿಂತ ಹೆಚ್ಚು ಕೂಲಿ ಇದೆ. ಗಾರೆಯವರ ಕೂಲಿ ಹೆಚ್ಚಾಯಿತೆಂಬ ತಕರಾರು ನನ್ನದಲ್ಲ. ಅವರದು ಬೆನ್ನು ಮುರಿಯುವ ಕೆಲಸ, ಇನ್ನೂ ಸಿಗಲಿ. ಆದರೆ ಮಗಳು ಡಿ.ಫಾರ್ಮಾ ಮಾಡಲಿ ಎಂದು ಹೊಲ ಅಡವಿಟ್ಟು ಫೀಸು ಕಟ್ಟಿದ ಅಪ್ಪನಿಗೆ ಈ ಭಾಗಾಕಾರವನ್ನು ಯಾವ ಕಾಲೇಜಿನ ಪ್ರಾಸ್ಪೆಕ್ಟಸ್ಸೂ ತೋರಿಸಿರುವುದಿಲ್ಲ.

ಮಾಲೀಕರ ಮಾತಿನಲ್ಲಿ ನಿಜ ಎಷ್ಟು

'ಸಣ್ಣ ಅಂಗಡಿ ಸ್ವಾಮಿ, ಎಲ್ಲಿಂದ ಕೊಡೋಣ?' ಎಂಬುದು ಮಾಲೀಕರ ಮಾತು. ಅದನ್ನು ಪಕ್ಕಕ್ಕೆ ತಳ್ಳುವಂತಿಲ್ಲ. 2013ರ ಔಷಧ ಬೆಲೆ ನಿಯಂತ್ರಣ ಆದೇಶದಂತೆ ಪಟ್ಟಿಯಲ್ಲಿರುವ ಅಗತ್ಯ ಔಷಧಗಳಿಗೆ ಚಿಲ್ಲರೆ ಅಂಗಡಿಯ ಲಾಭ ಶೇ 16. ಉಳಿದ ಔಷಧಗಳಿಗೆ ವ್ಯಾಪಾರದ ರೂಢಿಯಂತೆ ಶೇ 20. ದಿನಕ್ಕೆ 6,000 ರೂಪಾಯಿ ವ್ಯಾಪಾರ ಆಗುವ ಅಂಗಡಿಗೆ ಶೇ 16ರ ಲೆಕ್ಕದಲ್ಲಿ ಉಳಿಯುವುದು 830 ರೂಪಾಯಿಯ ಆಸುಪಾಸು, ತಿಂಗಳಿಗೆ 25 ಸಾವಿರ. ಮಳಿಗೆ ಬಾಡಿಗೆ, ಕರೆಂಟು, ಇನ್ಸುಲಿನ್ ಇಡುವ ಫ್ರಿಜ್ಜು, ವಾಪಸ್ ಹೋಗದ ಎಕ್ಸ್‌ಪೈರಿ ಮಾಲು ಎಲ್ಲ ಅದರಲ್ಲೇ ಹೋಗಬೇಕು. ಇಂಥ ಅಂಗಡಿ 15 ಸಾವಿರ ಸಂಬಳ ಹೇಗೆ ಕೊಟ್ಟೀತು ಎಂಬ ಪ್ರಶ್ನೆ ನ್ಯಾಯವಾದದ್ದೇ.

ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಹಾಗೆ ಕೊಡಲಾಗದ ಅಂಗಡಿ ಬಾಡಿಗೆ ಸರ್ಟಿಫಿಕೇಟಿನ ಬಲದ ಮೇಲೆ ಬಾಗಿಲು ತೆಗೆದಿರುವುದರಿಂದಲೇ ಪಕ್ಕದ ನಿಯತ್ತಿನ ಅಂಗಡಿಯ ವ್ಯಾಪಾರ ಅರ್ಧ ಆಗಿದೆ. ಒಂದೇ ಆಸ್ಪತ್ರೆ ರಸ್ತೆಯಲ್ಲಿ ಎಂಟು ಅಂಗಡಿ ಇದ್ದು, ಎಂಟರಲ್ಲೂ 'ಗಿಟ್ಟುವುದಿಲ್ಲ' ಎಂದರೆ, ಫಾರ್ಮಸಿಸ್ಟ್ ನಿಜಕ್ಕೂ ಇರಲೇಬೇಕು ಎಂಬ ನಿಯಮ ಜಾರಿಯಾದ ದಿನ ಮೂರು ಅಂಗಡಿ ಉಳಿಯಬಹುದು. ಉಳಿದ ಮೂರಕ್ಕೂ ಆಗ ಗಿಟ್ಟುತ್ತದೆ. ಇನ್ನು ಒಂದೇ ಅಂಗಡಿ ಇರುವ ಹೋಬಳಿ ಊರಿನ ಸಮಸ್ಯೆ ಬೇರೆ, ಅದಕ್ಕೆ ಮುಂದೆ ಬರುತ್ತೇನೆ.

2018ರ ಸೆಪ್ಟೆಂಬರ್ 28ರಂದು ದೇಶದ ತುಂಬ ಔಷಧ ಅಂಗಡಿಗಳು ಬಂದ್ ಆಗಿದ್ದು ನೆನಪಿರಬಹುದು. ಆನ್‌ಲೈನ್ ಔಷಧ ಮಾರಾಟಕ್ಕೆ ಅವಕಾಶ ಕೊಡುವ ಕರಡು ನಿಯಮಗಳ ವಿರುದ್ಧ ಅಖಿಲ ಭಾರತ ಮಟ್ಟದ ಔಷಧ ವ್ಯಾಪಾರಿಗಳ ಸಂಘಟನೆ ಕೊಟ್ಟ ಕರೆ ಅದು. ಆನ್‌ಲೈನಿನಲ್ಲಿ ಕಣ್ಣೆದುರು ಯಾರೂ ಇರುವುದಿಲ್ಲ, ರೋಗಿಯ ಜೀವಕ್ಕೆ ಅಪಾಯ ಎಂಬುದು ಅವರ ವಾದಗಳಲ್ಲೊಂದು. ವಾದ ಸರಿಯಾಗಿದೆ. ಆದರೆ ಅದೇ ವಾದವನ್ನು ತಮ್ಮ ಕೌಂಟರಿಗೂ ಹಚ್ಚಿ ನೋಡಬೇಕಲ್ಲವೇ? ಫಾರ್ಮಸಿಸ್ಟ್ ಎದುರಿಲ್ಲದೆ ಮೊಬೈಲಿನಲ್ಲಿ ಔಷಧ ಕೊಂಡರೆ ಅಪಾಯ, ಫಾರ್ಮಸಿಸ್ಟ್ ಎದುರಿಲ್ಲದೆ ಅಂಗಡಿಯಲ್ಲಿ ಕೊಂಡರೆ ಸುರಕ್ಷಿತವೇ? ಲಾಭಕ್ಕೆ ಕುತ್ತು ಬಂದಾಗ ಒಂದು ದಿನ ಬಾಗಿಲು ಹಾಕಿದವರು ತಮ್ಮ ನೌಕರರ ಸಂಬಳದ ವಿಷಯಕ್ಕೆ ಒಂದು ತಾಸು ಸಭೆ ಸೇರಿದ್ದನ್ನು ನಾನು ಈವರೆಗೆ ವರದಿ ಮಾಡಿಲ್ಲ. ಮಾಡುವ ಅವಕಾಶ ಸಿಕ್ಕರೆ ಸಂತೋಷದಿಂದ ಮಾಡುತ್ತೇನೆ.

ಆ ಕೌಂಟರಿನಲ್ಲಿ ನಡೆಯುವ ಕೆಲಸ ಏನು

'ಚೀಟಿ ನೋಡಿ ಮಾತ್ರೆ ಕೊಡೋದಕ್ಕೆ ಓದು ಯಾಕೆ, ಅಂಗಡಿ ಹುಡುಗನಿಗೂ ಗೊತ್ತಾಗುತ್ತಲ್ಲ' ಎನ್ನುವವರು ಬಹಳ ಜನ. ಹಳ್ಳಿಯ ಹಿರಿಯರು ಇವತ್ತಿಗೂ 'ಕಾಂಪೌಂಡರ್' ಎನ್ನುತ್ತಾರೆ. ಅದರಲ್ಲಿ ಪ್ರೀತಿಯೂ ಇದೆ, ಅರ್ಧ ಡಾಕ್ಟರು ಎಂಬ ಸದರವೂ ಇದೆ. ಇರಲಿ, ಕೆಲಸವನ್ನು ನೋಡೋಣ.

ಮೆಥೋಟ್ರೆಕ್ಸೇಟ್ ಎಂಬ ಮಾತ್ರೆ ಇದೆ. ಕೀಲುವಾತಕ್ಕೆ ಬರೆಯುತ್ತಾರೆ, ಸಾಮಾನ್ಯವಾಗಿ ವಾರಕ್ಕೆ ಒಂದು ಸಲ. ಅದನ್ನೇ ದಿನಾ ನುಂಗಿದರೆ ರಕ್ತಕಣಗಳು ಕುಸಿದು ಜೀವಕ್ಕೇ ಸಂಚಕಾರ. ಚೀಟಿಯಲ್ಲಿ ಬರೆದ ಗೀಚಕ್ಷರದಲ್ಲಿ 'ವಾರಕ್ಕೊಮ್ಮೆ' ಎಂಬುದು ಕಾಣದೇ ಹೋದರೆ ಅನುಮಾನ ಬಂದು ಡಾಕ್ಟರಿಗೆ ಫೋನ್ ಮಾಡುವವರು ಬೇಕು. 'ಅಜ್ಜೀ, ಇದು ಸೋಮವಾರ ಮಾತ್ರ, ದಿನಾ ಅಲ್ಲ' ಎಂದು ಮೂರು ಸಲ ಹೇಳಿ, ಪೊಟ್ಟಣದ ಮೇಲೆ ಬರೆದು, ಜತೆಗೆ ಬಂದ ಮೊಮ್ಮಗನಿಗೂ ಹೇಳುವವರು ಬೇಕು. ಆ ಅನುಮಾನ ಬರುವುದಕ್ಕೇ ಎರಡು ವರ್ಷ ಓದಬೇಕು.

ಹತ್ತು ಮಾತ್ರೆಯ ಪಟ್ಟಿಯಲ್ಲಿ ನಾಲ್ಕು ಕೊಡುವಾಗ ಎಕ್ಸ್‌ಪೈರಿ ದಿನಾಂಕ ಇರುವ ಅಂಚನ್ನು ಅಂಗಡಿಯಲ್ಲಿ ಉಳಿಸಿಕೊಂಡು ಈ ಕಡೆಯಿಂದ ಕತ್ತರಿಸಬೇಕು, ಇಲ್ಲದಿದ್ದರೆ ಉಳಿದ ಆರು ಮಾತ್ರೆ ಯಾವ ಕಾಲದ್ದೆಂದು ತಿಳಿಯುವುದಿಲ್ಲ. ಇನ್ಸುಲಿನ್ 2ರಿಂದ 8 ಡಿಗ್ರಿ ಒಳಗೇ ಇರಬೇಕು. ರಾತ್ರಿ ಮೇನ್ ಸ್ವಿಚ್ ಆರಿಸಿ ಹೋಗುವ ಅಂಗಡಿಯಲ್ಲಿ, ದಿನಕ್ಕೆ ಐದು ಸಲ ಕರೆಂಟ್ ಹೋಗುವ ಊರಿನಲ್ಲಿ ಅದು ನೀರಿಗೆ ಸಮ. ಮಾತ್ರೆ ಪಟ್ಟಿಯ ಮೇಲಿನ ಕೆಂಪು ಗೆರೆ ಯಾಕಿದೆ ಎಂದು ಗಿರಾಕಿಗೆ ಹೇಳಬೇಕು. ಶೆಡ್ಯೂಲ್ ಎಚ್1 ಎಂಬ ಪಟ್ಟಿ 2014ರ ಮಾರ್ಚ್‌ನಿಂದ ಜಾರಿಯಲ್ಲಿದೆ. ಅದರಲ್ಲಿರುವ ಪ್ರಬಲ ಆ್ಯಂಟಿಬಯಾಟಿಕ್, ಕ್ಷಯದ ಔಷಧ, ಚಟ ಹತ್ತಿಸುವ ಮಾತ್ರೆಗಳನ್ನು ಕೊಟ್ಟರೆ ವೈದ್ಯರ ಹೆಸರು, ರೋಗಿಯ ಹೆಸರು, ಪ್ರಮಾಣ ಎಲ್ಲವನ್ನೂ ಬೇರೆ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಡಬೇಕು. 2018ರ ಮಾರ್ಚ್‌ನ ಕೇಂದ್ರ ಅಧಿಸೂಚನೆಯಂತೆ ಕ್ಷಯದ ಔಷಧ ಕೊಂಡವರ ಮಾಹಿತಿಯನ್ನು ಸರ್ಕಾರಕ್ಕೆ ತಿಳಿಸುವ ಹೊಣೆಯೂ ಅಂಗಡಿಯ ಮೇಲಿದೆ. 2015ರ ಫಾರ್ಮಸಿ ವೃತ್ತಿ ನಿಯಮಗಳು ರೋಗಿಗೆ ತಿಳಿವಳಿಕೆ ಹೇಳುವುದನ್ನೂ ಫಾರ್ಮಸಿಸ್ಟರ ಕರ್ತವ್ಯವೆಂದೇ ಬರೆದಿವೆ.

ಹೊಣೆಯ ಪಟ್ಟಿಗೆ ಹೀಗೆ ವರ್ಷ ವರ್ಷವೂ ಸಾಲು ಸೇರಿದೆ. ಸಂಬಳ ಎಷ್ಟಿರಬೇಕು ಎಂಬ ಒಂದು ಸಾಲು ಮಾತ್ರ ಈ ಯಾವ ನಿಯಮದಲ್ಲೂ ಇಲ್ಲ.

ತೃಪ್ತಿ ಎಂಬುದು ಇಲ್ಲೇ ಬರುತ್ತದೆ. ನಮ್ಮ ಊರುಗಳಲ್ಲಿ ಔಷಧದ ಬಗ್ಗೆ ಎರಡು ಮಾತು ಹೇಳಿದ್ದಕ್ಕೆ ಫಾರ್ಮಸಿಸ್ಟರಿಗೆ ಒಂದು ಪೈಸೆ ಇಲ್ಲ. ಮಾಲು ಹೋದರೆ ಮಾತ್ರ ದುಡ್ಡು. ಇಂಗ್ಲೆಂಡಿನಲ್ಲಿ ಸರ್ಕಾರಿ ಆರೋಗ್ಯ ವ್ಯವಸ್ಥೆ ಪ್ರತಿ ಚೀಟಿಯ ಔಷಧಕ್ಕೂ ಅಂಗಡಿಗೆ ವಿತರಣೆಯ ಶುಲ್ಕ ಕಟ್ಟುತ್ತದೆ. ಇಲ್ಲಿ ಆ ಪದ್ಧತಿ ಇಲ್ಲ. ನೆಗಡಿಗೆ ಆ್ಯಂಟಿಬಯಾಟಿಕ್ ಕೇಳಿ ಬಂದವರಿಗೆ 'ಬೇಡಣ್ಣ, ಬಿಸಿನೀರು ಕುಡಿ, ಮೂರು ದಿನ ನೋಡು' ಎಂದು ಬುದ್ಧಿ ಹೇಳಿದ ಫಾರ್ಮಸಿಸ್ಟ್ ಮಾಲೀಕರ ಕಣ್ಣಿಗೆ ವ್ಯಾಪಾರ ಕೆಡಿಸಿದವರು. ಎಂಆರ್‌ಪಿಗೂ ಅಂಗಡಿಗೆ ಬೀಳುವ ದರಕ್ಕೂ ಅಜಗಜಾಂತರ ಇರುವ ಜನರಿಕ್ ಮಾಲನ್ನು ಪೂರಾ ಎಂಆರ್‌ಪಿಗೆ ದಾಟಿಸಿದವರು ಜಾಣರು. ಓದಿದ್ದು ಒಂದು, ಮಾಡಬೇಕಾದ್ದು ಇನ್ನೊಂದು ಎಂಬ ಈ ಸಂಕಟ ಸಂಬಳ ಹೆಚ್ಚಾದರೂ ಪೂರಾ ಹೋಗುವುದಿಲ್ಲ. ಸೆಂಟಿಮೀಟರ್ ಲೆಕ್ಕದಲ್ಲಿ ದುಡ್ಡು ಪಡೆಯುತ್ತ, ವರದಿಯ ಜತೆ ಜಾಹೀರಾತಿನ ಟಾರ್ಗೆಟ್ಟನ್ನೂ ಹೊತ್ತು ತಿರುಗುವ ನಮ್ಮ ಸ್ಟ್ರಿಂಗರ್ ಗೆಳೆಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಸರ್ಕಾರದ ಕೌಂಟರ್

ಸರ್ಕಾರಿ ಕೆಲಸ ಸಿಕ್ಕರೆ ಗೆದ್ದಂತೆ ಎಂದು ಎಲ್ಲರೂ ಅಂದುಕೊಳ್ಳುತ್ತಾರೆ. ಕಾಯಂ ಆದವರ ಸಂಬಳ ಖಂಡಿತ ಮರ್ಯಾದೆಯದು. ಆದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಮಾನದಂಡದಲ್ಲಿ ಇರುವುದು ಒಬ್ಬರೇ ಫಾರ್ಮಸಿಸ್ಟ್. ಬೆಳಿಗ್ಗೆ ಹೊರರೋಗಿಗಳ ಸಾಲಿಗೆ ಮಾತ್ರೆ ಕೊಡುವುದು, ರಾಜ್ಯ ವೈದ್ಯಕೀಯ ಸರಬರಾಜು ನಿಗಮಕ್ಕೆ ಇಂಡೆಂಟ್ ಹಾಕುವುದು, ಬಂದ ಮಾಲನ್ನು ಎಣಿಸಿ ಸಾಫ್ಟ್‌ವೇರಿಗೆ ಏರಿಸುವುದು, ಎಕ್ಸ್‌ಪೈರಿ ಪಟ್ಟಿ, ನಾಯಿ ಕಡಿತದ ಲಸಿಕೆ ಇದೆಯೋ ಇಲ್ಲವೋ ಎಂದು ಊರಿನ ಮುಖಂಡರಿಂದ ಬರುವ ಫೋನು ಎಲ್ಲಕ್ಕೂ ಅದೇ ಒಬ್ಬರು. ಅವರು ತಾಲ್ಲೂಕು ಮೀಟಿಂಗಿಗೆ ಹೋದ ದಿನ ಮಾತ್ರೆ ಕೊಡುವವರು ನರ್ಸು, ಇಲ್ಲದಿದ್ದರೆ ಡಿ ಗ್ರೂಪ್ ನೌಕರರು. ಖಾಸಗಿ ಅಂಗಡಿಗೆ ಹೇಳುವ ಕಾನೂನು ಸರ್ಕಾರದ ಕೌಂಟರಿಗೆ ಬಂದಾಗ ಸಡಿಲವಾಗಿಬಿಡುತ್ತದೆ.

ಗುತ್ತಿಗೆಯವರ ಕಥೆ ಇನ್ನೂ ಕಠಿಣ. ಅದೇ ಕೆಲಸ, ಅದೇ ಕಿಟಕಿ, ಅದೇ ರಿಜಿಸ್ಟರು, ಸಂಬಳದಲ್ಲಿ ಮಾತ್ರ ಆಕಾಶ ಭೂಮಿಯ ಅಂತರ. ಪಂಜಾಬ್ ಸರ್ಕಾರ ಮತ್ತು ಜಗಜೀತ್ ಸಿಂಗ್ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2016ರ ಅಕ್ಟೋಬರ್ 26ರಂದು ಸಮಾನ ಕೆಲಸಕ್ಕೆ ಸಮಾನ ವೇತನದ ತತ್ವ ತಾತ್ಕಾಲಿಕ ನೌಕರರಿಗೂ ಅನ್ವಯ, ಕಾಯಂ ನೌಕರರ ವೇತನ ಶ್ರೇಣಿಯ ಕನಿಷ್ಠ ಮೊತ್ತಕ್ಕೆ ಅವರು ಅರ್ಹರು ಎಂದು ಹೇಳಿತು. ಆ ತೀರ್ಪನ್ನು ಎತ್ತಿ ಹಿಡಿದು ಕೇಳುವ ಧೈರ್ಯ ಗುತ್ತಿಗೆಯವರಿಗೆ ಎಲ್ಲಿಂದ ಬರಬೇಕು? ಮಾರ್ಚ್ 31ಕ್ಕೆ ಗುತ್ತಿಗೆ ನವೀಕರಣವಾಗಬೇಕಲ್ಲ.

ಕಾಲೇಜುಗಳು ಹೆಚ್ಚಿದ ಬಗೆ

ಈ ನಡುವೆ ಕಾಲೇಜುಗಳು ಹೆಚ್ಚುತ್ತಲೇ ಇವೆ. ಬೇಕಾಬಿಟ್ಟಿ ಕಾಲೇಜು ಹುಟ್ಟುತ್ತಿವೆ ಎಂದು ಭಾರತೀಯ ಫಾರ್ಮಸಿ ಪರಿಷತ್ತೇ 2019ರಲ್ಲಿ ಐದು ವರ್ಷ ಹೊಸ ಕಾಲೇಜು ಬೇಡ ಎಂದು ನಿರ್ಧರಿಸಿತ್ತು. ಕಾಲೇಜುಗಳು ಹೈಕೋರ್ಟುಗಳ ಮೆಟ್ಟಿಲೇರಿದವು. 2022ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟು, ಸಂಸ್ಥೆ ಕಟ್ಟುವ ಹಕ್ಕನ್ನು ಬರೀ ಆಡಳಿತಾತ್ಮಕ ನಿರ್ಣಯದಿಂದ ತಡೆಯಲಾಗದು, ಅದಕ್ಕೆ ಕಾನೂನೇ ಬೇಕು ಎಂದಿತು. ಕಾನೂನಿನ ದೃಷ್ಟಿಯಿಂದ ತೀರ್ಪು ಸರಿಯಿರಬಹುದು. ಕಾಲೇಜು ತೆರೆಯುವ ಹಕ್ಕಿಗಾಗಿ ದೆಹಲಿಯವರೆಗೆ ಹೋದವರು ಅಲ್ಲಿಂದ ಹೊರಬರುವ ಮಕ್ಕಳ ಸಂಬಳಕ್ಕಾಗಿ ಎಲ್ಲಿಯವರೆಗೆ ಹೋದರು ಎಂಬುದು ನನ್ನ ಪ್ರಶ್ನೆ. ಡಿಪ್ಲೊಮಾ ಮುಗಿಸಿದವರಿಗೆ ನೋಂದಣಿಗೆ ಮುಂಚೆ ಇನ್ನೊಂದು ಪರೀಕ್ಷೆ ಇರಬೇಕೆಂದು 2022ರಲ್ಲೇ ನಿಯಮ ಬಂತು. ಹುಡುಗರಿಗೆ ಪರೀಕ್ಷೆ ಮೇಲೆ ಪರೀಕ್ಷೆ. ಅವರನ್ನು ಕೆಲಸಕ್ಕಿಟ್ಟುಕೊಳ್ಳುವವರಿಗೆ ಒಂದೂ ಇಲ್ಲ.

ಹಳ್ಳಿಗೆ ಫಾರ್ಮಸಿಸ್ಟ್ ಸಿಗುವುದಿಲ್ಲ ಎಂಬ ಮಾತು

ಕಟ್ಟುನಿಟ್ಟು ಮಾಡಿದರೆ ಹೋಬಳಿಯ ಒಂದೇ ಒಂದು ಅಂಗಡಿಯೂ ಮುಚ್ಚಿಹೋಗುತ್ತದೆ, ರಾತ್ರಿ ಮಗುವಿಗೆ ಜ್ವರ ಬಂದರೆ ಏನು ಮಾಡುವುದು ಎಂದು ಕೇಳುತ್ತಾರೆ. ಈ ಆತಂಕ ನಿಜವಾದದ್ದು. ಆದರೆ ಒಂದೇ ಬಾಯಲ್ಲಿ 'ಡಿ.ಫಾರ್ಮಾ ಆದವರು ಬೀದಿಗೊಬ್ಬರಿದ್ದಾರೆ, ಅದಕ್ಕೇ ಸಂಬಳ ಕಡಿಮೆ' ಎಂದೂ 'ಹಳ್ಳಿಗೆ ಫಾರ್ಮಸಿಸ್ಟೇ ಸಿಗುವುದಿಲ್ಲ' ಎಂದೂ ಹೇಳಲಾಗದು. ಜನ ಇದ್ದಾರೆ. ಆ ಸಂಬಳಕ್ಕೆ ಬರುವವರಿಲ್ಲ, ಅಷ್ಟೇ. ಒಂದೇ ಅಂಗಡಿ ಇರುವ ಊರಿಗೆ ದಾರಿ ಹುಡುಕಬೇಕಾದ್ದು ಸರ್ಕಾರ. ಜನೌಷಧಿ ಕೇಂದ್ರ ನಡೆಸುವವರಿಗೆ ಖರೀದಿಯ ಲೆಕ್ಕದಲ್ಲಿ ಪ್ರೋತ್ಸಾಹಧನ ಕೊಡುವ ಪದ್ಧತಿ ಈಗಾಗಲೇ ಇದೆ. ಮಾಲಿನ ಖರೀದಿಗೆ ಕೊಡುವ ಸರ್ಕಾರ, ದೂರದ ಊರಿನಲ್ಲಿ ಫಾರ್ಮಸಿಸ್ಟರು ಖುದ್ದು ನಿಲ್ಲುವುದಕ್ಕೆ ಯಾಕೆ ಕೊಡಬಾರದು?

ಬಿಹಾರದ ಪ್ರಕರಣವೊಂದರಲ್ಲಿ 2022ರ ನವೆಂಬರ್ 29ರಂದು ಸುಪ್ರೀಂ ಕೋರ್ಟು ಇದನ್ನು ಸ್ಪಷ್ಟವಾಗಿಯೇ ಹೇಳಿದೆ. ನೋಂದಾಯಿತ ಫಾರ್ಮಸಿಸ್ಟ್ ಇಲ್ಲದೆ ಆಸ್ಪತ್ರೆ, ಔಷಧ ಅಂಗಡಿ ನಡೆಯದಂತೆ ನೋಡಿಕೊಳ್ಳುವುದು ರಾಜ್ಯ ಸರ್ಕಾರ ಮತ್ತು ಫಾರ್ಮಸಿ ಪರಿಷತ್ತಿನ ಹೊಣೆ, ಜನರ ಆರೋಗ್ಯದ ಜತೆ ಆಟವಾಡಲು ಬಿಡಲಾಗದು ಎಂಬುದು ಅದರ ಸಾರ. ಪ್ರಕರಣ ಬಿಹಾರದ್ದು, ಆದರೆ ಫಾರ್ಮಸಿ ಕಾಯ್ದೆ ಅಲ್ಲಿಗೂ ಇಲ್ಲಿಗೂ ಒಂದೇ.

ಆಗಬೇಕಾದ್ದು

ಆಗಬೇಕಾದ್ದು ದೊಡ್ಡ ಕ್ರಾಂತಿಯೇನಲ್ಲ.

ಒಂದು, ಅಂಗಡಿ ಲೈಸೆನ್ಸಿನಲ್ಲಿ ಹೆಸರಿರುವ ಫಾರ್ಮಸಿಸ್ಟರ ಸಂಬಳ ಬ್ಯಾಂಕ್ ಮೂಲಕವೇ ಹೋಗಬೇಕು. ಕನಿಷ್ಠ ವೇತನಕ್ಕಿಂತ ಕಡಿಮೆ ಮೊತ್ತ ಹೋಗುತ್ತಿದ್ದರೆ ಅದು ಸಂಬಳವಲ್ಲ, ಬಾಡಿಗೆ ಎಂದೇ ಇಲಾಖೆ ತಿಳಿಯಬೇಕು. ಡ್ರಗ್ಸ್ ಇನ್‌ಸ್ಪೆಕ್ಟರ್ ಬಂದ ದಿನ ಸ್ಟಾಕ್ ನೋಡುವುದಕ್ಕೆ ಮುಂಚೆ ಫಾರ್ಮಸಿಸ್ಟರ ಮುಖ ನೋಡಬೇಕು.

ಎರಡು, ಒಂದೇ ನೋಂದಣಿ ಸಂಖ್ಯೆ ಎರಡು ಅಂಗಡಿಯಲ್ಲಿ, ಇಲ್ಲವೇ ಒಂದು ಅಂಗಡಿಯಲ್ಲೂ ಒಂದು ಕಂಪನಿಯಲ್ಲೂ ಇದೆಯೇ ಎಂದು ಹುಡುಕಲು ಪರಿಷತ್ತು, ಔಷಧ ನಿಯಂತ್ರಣದವರು, ಭವಿಷ್ಯನಿಧಿ ಕಚೇರಿ ತಮ್ಮ ಪಟ್ಟಿಗಳನ್ನು ಒಂದಕ್ಕೊಂದು ತಾಳೆ ನೋಡಿದರೆ ಸಾಕು.

ಮೂರು, ಕಾರ್ಮಿಕ ನಿರೀಕ್ಷಕರು ಮೆಡಿಕಲ್ ಶಾಪಿನ ಹಾಜರಿ ಮತ್ತು ಓಟಿ ರಿಜಿಸ್ಟರನ್ನು ಕೇಳಬೇಕು. ತುರ್ತು ಸೇವೆ ಎಂಬ ನೆಪ ಅಂಗಡಿಯ ಬಾಗಿಲಿಗೆ ಮಾತ್ರ. ಅಂಗಡಿ ಇಪ್ಪತ್ನಾಲ್ಕು ಗಂಟೆ ತೆರೆದಿರಲಿ, ಒಬ್ಬರೇ ಮನುಷ್ಯರು ನಿಲ್ಲಬೇಕಿಲ್ಲ. ಎರಡು ಪಾಳಿ ಮಾಡಿದರೆ ಇನ್ನೊಬ್ಬರಿಗೂ ಕೆಲಸವಾಯಿತು.

ನಾಲ್ಕು, ಸರ್ಕಾರ ತನ್ನ ಖಾಲಿ ಹುದ್ದೆ ತುಂಬಬೇಕು, ಗುತ್ತಿಗೆಯವರಿಗೆ 2016ರ ತೀರ್ಪಿನ ಕನಿಷ್ಠವನ್ನಾದರೂ ಕೊಡಬೇಕು.

ಇನ್ನು ನಮ್ಮ ಪಾಲು. ಜಿಲ್ಲೆ ತಾಲ್ಲೂಕುಗಳಲ್ಲಿ ಕೂತ ಗೆಳೆಯರೇ, ಇದಕ್ಕೆ ದೊಡ್ಡ ತನಿಖೆ ಬೇಕಿಲ್ಲ. ಸಹಾಯಕ ಔಷಧ ನಿಯಂತ್ರಕರ ಕಚೇರಿಗೆ ಹತ್ತು ರೂಪಾಯಿಯ ಮಾಹಿತಿ ಹಕ್ಕು ಅರ್ಜಿ ಹಾಕಿ: ತಾಲ್ಲೂಕಿನಲ್ಲಿ ಎಷ್ಟು ಚಿಲ್ಲರೆ ಲೈಸೆನ್ಸ್ ಇವೆ, ಕಳೆದ ಮೂರು ವರ್ಷದಲ್ಲಿ ಎಷ್ಟು ತಪಾಸಣೆ ನಡೆಯಿತು, ಫಾರ್ಮಸಿಸ್ಟ್ ಗೈರಾಗಿದ್ದಕ್ಕೆ ಎಷ್ಟು ಲೈಸೆನ್ಸ್ ಅಮಾನತಾದವು. ಕಾರ್ಮಿಕ ಇಲಾಖೆಗೆ ಇನ್ನೊಂದು ಅರ್ಜಿ: ಔಷಧ ಅಂಗಡಿಗಳಲ್ಲಿ ದುಡಿಮೆಯ ಅವಧಿ ಮೀರಿದ್ದಕ್ಕೆ ಎಷ್ಟು ಪ್ರಕರಣ ದಾಖಲಾದವು. ಬಂದ ಉತ್ತರವನ್ನು ಹಾಗೆಯೇ ಅಚ್ಚು ಹಾಕಿಸಿ. ಸೊನ್ನೆ ಎಂದು ಬಂದರೆ ಆ ಸೊನ್ನೆಯೇ ಸುದ್ದಿ.

ಓದುಗರಿಗೂ ಒಂದು ಕೋರಿಕೆ. ಮುಂದಿನ ಸಲ ಚೀಟಿ ಹಿಡಿದು ಕೌಂಟರಿಗೆ ಹೋದಾಗ ಎಷ್ಟು ಡಿಸ್ಕೌಂಟ್ ಎಂದು ಕೇಳುವ ಮುಂಚೆ ಫಾರ್ಮಸಿಸ್ಟ್ ಯಾರು ಎಂದು ಕೇಳಿ. ಇದ್ದರೆ ಮಾತ್ರೆ ಯಾವಾಗ, ಹೇಗೆ, ಎಷ್ಟು ದಿನ ಎಂದು ಅವರ ಬಾಯಲ್ಲೇ ಹೇಳಿಸಿಕೊಳ್ಳಿ, ಅದು ನಿಮ್ಮ ಹಕ್ಕು. ಇಲ್ಲದಿದ್ದರೆ ಪಕ್ಕದ ಅಂಗಡಿಗೆ ಹೋಗಿ. ಹತ್ತು ಗಿರಾಕಿಗಳು ಹಾಗೆ ಎದ್ದು ಹೋದ ಊರಿನಲ್ಲಿ ಹನ್ನೊಂದನೆಯ ದಿನ ಒಬ್ಬರು ಫಾರ್ಮಸಿಸ್ಟರಿಗೆ ನಿಜವಾದ ಕೆಲಸ ಸಿಗುತ್ತದೆ, ಮತ್ತು ಅವರು ಕೇಳಿದ ಸಂಬಳಕ್ಕೆ ಮಾಲೀಕರು ಕಿವಿಗೊಡಬೇಕಾಗುತ್ತದೆ.